ಹಿಂತಿರುಗಲು ಅಪ್ಪಣೆ ಸಿಗದವನು

ಮಾನ್ಯರೇ,

ನಮ್ಮ ದ್ವೀಪದ ಹಳೆಯ ಯೋಧರ ದಾಖಲೆಗಳಿಗೂ ಅವರ ಗೌರವಕ್ಕೂ ಹೊಣೆ ಹೊತ್ತಿರುವ ಕಚೇರಿಯ ಮುಖ್ಯಸ್ಥರು ನೀವು. ನಿಮ್ಮ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ನಿಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕುಳಿತಿದ್ದವರೂ ನನಗೆ ನೀವು ಕೊಟ್ಟ ಉತ್ತರವನ್ನೇ ಕೊಟ್ಟಿದ್ದರಿಂದ ನನ್ನ ಜಗಳ ಕುರ್ಚಿಯ ಜೊತೆಗೆ. ವಿಷಯ ಇಷ್ಟು. ನನ್ನ ಅಣ್ಣ ಆಂಗ್ ಖುನ್-ಸೆಂಗ್, ನಿಮ್ಮವರ ಅಪ್ಪಣೆಯ ಮೇರೆಗೆ, ಈ ಕಿನ್ಮೆನ್ ದ್ವೀಪದಿಂದ ಆಗ ಶತ್ರುಗಳದಾಗಿದ್ದ ಎದುರು ದಡಕ್ಕೆ ಈಜಿಕೊಂಡು ಹೋಗಿ ಸತ್ತ. ನಿಮ್ಮ ಕಡತ ಅವನನ್ನು ಓಡಿಹೋದವನು ಎನ್ನುತ್ತದೆ. ಓಡಿಹೋದವನು ಎಲ್ಲೋ ಬದುಕಿದ್ದಾನೆಂದೇ ಲೆಕ್ಕ. ಹೀಗಾಗಿ ತೊಂಬತ್ತು ದಾಟಿದ ನನ್ನ ತಾಯಿ ಐವತ್ತು ವರ್ಷಗಳಿಂದ ತನ್ನ ಮಗನಿಗೆ ಒಂದು ಹಿಡಿ ಅನ್ನ ಇಡಲಾರದೆ ಕುಳಿತಿದ್ದಾಳೆ.

ಅನ್ನಕ್ಕೂ ಕಡತಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ನೀವೂ ಈ ಕಡಲಿನವರೇ. ನಿಮ್ಮ ಮನೆಯಲ್ಲೂ ಹಿರಿಯರ ಪೀಠವಿದೆ, ಅದರ ಮೇಲೆ ಸತ್ತವರ ಹೆಸರು ಬರೆದ ಮರದ ಫಲಕಗಳಿವೆ, ಹಬ್ಬ ಬಂದರೆ ನಿಮ್ಮ ಹೆಂಡತಿ ಅವುಗಳ ಮುಂದೆ ಬಿಸಿ ಅನ್ನ ಇಟ್ಟು ಊದುಬತ್ತಿ ಹಚ್ಚುತ್ತಾರೆ. ಬದುಕಿರುವವನ ಹೆಸರಿಗೆ ಹಾಗೆ ಮಾಡಿದರೆ ಅವನ ಆಯಸ್ಸನ್ನು ನಾವೇ ಕಿತ್ತುಕೊಂಡಂತೆ. ಸತ್ತವನಿಗೆ ಮಾಡದೆ ಬಿಟ್ಟರೆ ಅವನು ಹಸಿದು ಅಲೆಯುತ್ತಾನೆ. ಇವೆರಡರ ನಡುವೆ ಸಿಕ್ಕಿಕೊಂಡವಳು ನನ್ನ ತಾಯಿ. ಪೀಠದ ಮೇಲೆ ಅನ್ನ ಇಟ್ಟು ಮಗನನ್ನು ಕೊಲ್ಲಲು ಅವಳಿಗೆ ಧೈರ್ಯವಿಲ್ಲ, ಇಡದೆ ಉಪವಾಸ ಕೆಡವಲು ಮನಸ್ಸಿಲ್ಲ. ಹೊಸ ವರ್ಷದ ಹಿಂದಿನ ಸಂಜೆ ಎಲ್ಲರೂ ಒಟ್ಟಿಗೆ ಉಣ್ಣುವಾಗ ಅವನ ಬಟ್ಟಲನ್ನು ಒಮ್ಮೆ ಮೇಜಿನ ಮೇಲಿಡುತ್ತಾಳೆ, ಒಮ್ಮೆ ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ನಾವು ಯಾರೂ ಅವಳ ಮುಖ ನೋಡದೆ ಮೀನು ಬಿಡಿಸುತ್ತ ಕೂರುತ್ತೇವೆ.

ಅವನು ಅವಳ ಕನಸಿಗೆ ಬರುತ್ತಾನೆ. ಬಾಗಿಲ ಹೊರಗೆ ನಿಲ್ಲುತ್ತಾನೆ, ಮೈಯಿಂದ ನೀರು ಸುರಿಯುತ್ತಿರುತ್ತದೆ, ಒಳಗೆ ಬಾ ಎಂದರೆ ಬರುವುದಿಲ್ಲ, ಮಾತೂ ಆಡುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವಳು ಹೊಸ್ತಿಲನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ, ಒದ್ದೆಯಾಗಿದೆಯೋ ಎಂದು. ಒಂದೆರಡು ಸಲ ಒದ್ದೆಯಾಗಿತ್ತು ಎಂದು ಹೇಳಿದ್ದಾಳೆ. ನಮ್ಮದು ಮಂಜು ಸುರಿಯುವ ದ್ವೀಪ, ಹೊಸ್ತಿಲು ಒದ್ದೆಯಾಗುವುದು ದೊಡ್ಡದಲ್ಲ ಎಂದು ನಾನು ಅವಳಿಗೆ ಹೇಳುತ್ತೇನೆ, ನನಗೂ ಹೇಳಿಕೊಳ್ಳುತ್ತೇನೆ.

ಕಳೆದ ವಸಂತದಲ್ಲಿ ಹಡಗುಕಟ್ಟೆಯ ಪಕ್ಕ ನೀವು ಕಂಚಿನ ವಿಗ್ರಹವೊಂದನ್ನು ನಿಲ್ಲಿಸಿದಿರಿ. ತುಂಡು ಚಡ್ಡಿ, ಬರಿ ಮೈ, ಸೊಂಟದಲ್ಲಿ ಚೂರಿ. ಕಡಲ ಕೆಳಗಿನಿಂದ ಹೋಗಿ ಬರುತ್ತಿದ್ದ ಆ ಹುಡುಗರನ್ನು ನಾವು ದ್ವೀಪದವರು ನೀರುದೆವ್ವಗಳು ಎನ್ನುತ್ತಿದ್ದೆವು. ಆ ಕಡೆಯಿಂದ ಬರುವವರನ್ನೂ ಹಾಗೆಯೇ ಕರೆಯುತ್ತಿದ್ದೆವು, ಅವರ ಹೆಸರು ಹೇಳಿಯೇ ಮಕ್ಕಳಿಗೆ ಅನ್ನ ತಿನ್ನಿಸುತ್ತಿದ್ದೆವು. ಸಾವಿರಾರು ಜನರಲ್ಲಿ ಬೆರಳೆಣಿಕೆಯ ಮಂದಿಯನ್ನು ಆರಿಸಿ, ಅವರಲ್ಲೂ ಅರ್ಧ ಜನರನ್ನು ಮನೆಗೆ ಕಳಿಸಿ, ಉಳಿದವರನ್ನು ಮಾಡಿದ ಪಡೆ ಅದು. ನಿಮ್ಮ ಭಾಷಣ ಚೆನ್ನಾಗಿತ್ತು. ‘ಹೆಸರಿಲ್ಲದ ವೀರರು’ ಎಂದಿರಿ. ಚಪ್ಪಾಳೆ ಬಿತ್ತು. ನಾನು ಮೂರನೆಯ ಸಾಲಿನಲ್ಲಿದ್ದೆ. ಕ್ಷಮಿಸಿ ಸ್ವಾಮಿ, ಅವರಿಗೆ ಹೆಸರಿತ್ತು. ಹೆತ್ತವರು ಜ್ಯೋತಿಷಿಯ ಹತ್ತಿರ ಹೋಗಿ ಕೇಳಿ ಇಟ್ಟ ಹೆಸರು. ಅದನ್ನು ಕಳಚಿ ಇಟ್ಟುಕೊಂಡವರು ಯಾರು, ಮತ್ತೆ ಹಿಂದಕ್ಕೆ ಕೊಡದವರು ಯಾರು? ಕಂಚಿಗೆ ಹೂಮಾಲೆ ಹಾಕುವುದು ಸುಲಭ, ಏಕೆಂದರೆ ಕಂಚಿಗೆ ತಾಯಿ ಇರುವುದಿಲ್ಲ.

ನನ್ನ ಅಣ್ಣನಿಗೆ ಇದ್ದಳು. ಅಮ್ಮನ ಜೊತೆ ಇಳಿತದ ಹೊತ್ತಿಗೆ ಕೆಸರಿಗೆ ಇಳಿದು, ಕಲ್ಲುಕಂಬಗಳಿಗೆ ಅಂಟಿದ ಸಿಂಪಿಯನ್ನು ಬಿಡಿಸುತ್ತ ಬೆಳೆದ ಹುಡುಗ ಅವನು. ಒಮ್ಮೆ ಸಿಂಪಿಯ ಚಿಪ್ಪು ಕುಯ್ದು ಎಡಗಾಲಿನ ಕಿರುಬೆರಳು ಹೋಯಿತು. ನೀರು ಯಾವಾಗ ಏರುತ್ತದೆ, ಯಾವ ಕಡೆ ಎಳೆಯುತ್ತದೆ ಎಂಬುದು ಅವನಿಗೆ ಮನೆಯ ದಾರಿಯಷ್ಟು ಗೊತ್ತಿತ್ತು. ಅದಕ್ಕೇ ಪಡೆಯವರು ಅವನನ್ನು ಆರಿಸಿಕೊಂಡರು. ರಜೆಗೆ ಬಂದಾಗ ಮೊಣಕೈ, ಮೊಣಕಾಲು ಎಲ್ಲ ಸುಲಿದಿತ್ತು. ಅವತ್ತು ಅಮ್ಮ ಕೇಳಿದ್ದು, ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಏನೋ ಇದು ಕೈ? ಬೆಕ್ಕು ಪರಚಿದಂಗಿದೆ."

"ಬೆಕ್ಕಲ್ಲಮ್ಮ, ಹವಳದ ಕಲ್ಲು. ಅದರ ಮೇಲೆ ತೆವಳಿಸ್ತಾರೆ."

"ಯಾಕಂತೆ?"

"ಎಷ್ಟು ನೋವಾದ್ರೂ ಬಾಯಿ ಬಿಡಬಾರದು ಅಂತ ಕಲಿಸೋಕೆ."

"ಅದನ್ನ ನಾನು ನಿಂಗೆ ಚಿಕ್ಕಂದಿನಲ್ಲೇ ಕಲಿಸಿದ್ನಲ್ಲೋ. ಆ ಸಂಬಳ ನಂಗೆ ಕೊಡ್ಲಿ, ಹೋಗಿ ಹೇಳು ನಿಮ್ ಸಾಹೇಬರಿಗೆ."

ಅವನು ನಕ್ಕು, ಗೆಣಸಿನ ಹಿಟ್ಟಿನಲ್ಲಿ ಸಿಂಪಿ ಹಾಕಿ ಹುಯ್ದ ದೋಸೆಯನ್ನು ಒಂದರ ಮೇಲೊಂದು ತಿಂದ. ಎಲ್ಲಿಗೆ ಹೋಗುತ್ತೀರಿ, ಏನು ಮಾಡುತ್ತೀರಿ ಎಂದು ಅಮ್ಮ ಕೇಳಲಿಲ್ಲ, ಅವನು ಹೇಳಲಿಲ್ಲ. ಅವನನ್ನು ನಾನು ನೋಡಿದ್ದು ಅದೇ ಕೊನೆ. ನನಗಾಗ ಹತ್ತು ವರ್ಷ.

ಚಳಿಗಾಲದ ಒಂದು ಬೆಳಿಗ್ಗೆ ಸಿಪಾಯಿಗಳು ಮನೆಗೆ ನುಗ್ಗಿದರು. ಅಕ್ಕಿಯ ಗಡಿಗೆಯನ್ನೂ ಬಿಡದೆ ಹುಡುಕಿದರು. ಮೇಲಧಿಕಾರಿ ಅಮ್ಮನನ್ನು ಅಂಗಳಕ್ಕೆ ಕರೆದು ಹೇಳಿದ: "ನಿನ್ನ ಮಗ ಆ ಕಡೆ ಈಜಿಕೊಂಡು ಹೋಗಿಬಿಟ್ಟ. ಬೆಳಕು ಹರಿಯೋ ಹೊತ್ತಿಗೆ ಕಾವಲುಗಾರ ದುರ್ಬೀನಲ್ಲಿ ಕಣ್ಣಾರೆ ನೋಡಿದ್ದಾನೆ."

"ನನ್ನ ಮಗ ಹಂಗೆ ಹೋಗೋನಲ್ಲ."

"ಎಲ್ಲ ತಾಯಂದಿರೂ ಹಂಗೇ ಹೇಳ್ತಾರೆ."

ಆ ಕಾಲ ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ತಂದೆಯವರನ್ನು ಕೇಳಿ. ಎದುರು ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಯಾರಾದರೂ ತೇಲಿಕೊಂಡು ಆ ಕಡೆ ಹೋದಾರೆಂದು ಶಾಲೆಯ ಚೆಂಡನ್ನೂ ಬೀಗ ಹಾಕಿ ಇಡುತ್ತಿದ್ದರು, ಸೈಕಲ್ಲಿನ ಟ್ಯೂಬಿಗೂ ಪರವಾನಗಿ ಬೇಕಿತ್ತು. ಆ ಕಡೆಗೆ ಮುಖ ಮಾಡಿ ಈಜುವವನು ದ್ರೋಹಿ, ಅದರಲ್ಲಿ ಎರಡು ಮಾತಿರಲಿಲ್ಲ. ಮರುದಿನವೇ ಅಮ್ಮನ ಸಮುದ್ರಕ್ಕಿಳಿಯುವ ಚೀಟಿ ಕಿತ್ತುಕೊಂಡರು. ಅವಳು ಬೇರೆಯವರು ತಂದ ಸಿಂಪಿಯ ಚಿಪ್ಪು ಒಡೆದು ನಮ್ಮನ್ನು ಸಾಕಿದಳು. ನಾನು ಶಾಲೆಯಲ್ಲಿ ಮೊದಲಿಗಳಾಗಿದ್ದರೂ ಶಿಕ್ಷಕಿಯಾಗಲು ಬಿಡಲಿಲ್ಲ. ಓಡಿಹೋದವನ ತಂಗಿ ಮಕ್ಕಳಿಗೆ ಏನು ಕಲಿಸಿಯಾಳು? ಶಾವಿಗೆ ಅಂಗಡಿ ಇಟ್ಟುಕೊಂಡು ನಿಮ್ಮ ಸಿಪಾಯಿಗಳಿಗೇ ಬಡಿಸಿದೆ. ಶಾವಿಗೆ ಚೆನ್ನಾಗಿದೆ ಎಂದು ಅವರು ಹೊಗಳುತ್ತಿದ್ದರು, ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ.

ಇವೆಲ್ಲ ಕಳೆದುಹೋದದ್ದು, ಬಿಡಿ. ಕಳೆಯದೆ ಉಳಿದದ್ದು ಫಲಕದ ಮಾತು. ನಮ್ಮ ಕುಲದ ಹಿರಿಯರ ಗುಡಿಗೆ ಹೋಗಿ ಅಮ್ಮ, ಅದನ್ನು ನೋಡಿಕೊಳ್ಳುತ್ತಿದ್ದ ನಮ್ಮ ದೊಡ್ಡಪ್ಪನ ಕಾಲಿಗೆ ಬಿದ್ದಳು. ಅವರು ಕೆಟ್ಟವರಲ್ಲ. "ಏಳಮ್ಮ," ಎಂದರು. "ಓಡಿಹೋದೋನು ಬದುಕಿರ್ತಾನೆ. ಬದುಕಿರೋನಿಗೆ ಫಲಕ ಮಾಡಿ ಅವನ ಆಯಸ್ಸು ತಿನ್ನೋ ಪಾಪ ನಾನು ಮಾಡಲ್ಲ. ಅವನು ಸತ್ತ ಅಂತ ಸರ್ಕಾರ ಒಂದು ಮಾತು ಹೇಳ್ಲಿ, ನಾನೇ ಕೂತು ಚಿನ್ನದ ಬಣ್ಣದಲ್ಲಿ ಹೆಸರು ಬರೀತೀನಿ." ದೊಡ್ಡಪ್ಪ ತೀರಿಹೋದರು, ಅವರ ಜಾಗಕ್ಕೆ ಮಗ ಬಂದ. ಅವನದೂ ಅದೇ ಮಾತು.

ಹೀಗಿರುವಾಗ ಕೆಲವು ವರ್ಷಗಳ ಹಿಂದೆ ಒಬ್ಬ ಮುದುಕರು ನನ್ನ ಅಂಗಡಿಗೆ ಬಂದರು. ತೈವಾನಿನ ದಕ್ಷಿಣದವರು, ಲಿಮ್ ತ್ಯಾಮ್-ಹೋಕ್ ಎಂದು ಹೆಸರು. ಶಾವಿಗೆ ತರಿಸಿಕೊಂಡು ಮುಟ್ಟದೆ ಕುಳಿತಿದ್ದರು. ಆರಿಹೋಯಿತು, ಬೇರೆ ತರಲೇ ಎಂದೆ.

"ನೀವು ಖುನ್-ಸೆಂಗ್ ತಂಗೀನಾ?" ಎಂದರು. ಆ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಹೌದು ಎಂದು ಅವರ ಎದುರು ಕುಳಿತೆ.

ಅವರು ಹೇಳಿದ್ದು ಇದು. ನೀರಿಗಿಳಿಯುವಾಗ ಇಬ್ಬಿಬ್ಬರನ್ನು ಸೊಂಟಕ್ಕೆ ಒಂದೇ ಹಗ್ಗದಿಂದ ಕಟ್ಟುತ್ತಿದ್ದರು. ಅವರೂ ಅಣ್ಣನೂ ಒಂದು ಜೋಡಿ. ಹೊರಡುವ ಮುಂಚೆ ಇಬ್ಬರೂ ಕೂದಲು, ಉಗುರು ಕತ್ತರಿಸಿ ಪಡೆಯ ಕೈಗೆ ಕೊಟ್ಟರು, ಹೆಣ ಬಾರದಿದ್ದರೆ ಹೂಳಲು ಅದಾದರೂ ಇರಲಿ ಎಂದು. ಎದುರು ಕೊಲ್ಲಿಯ ಫಿರಂಗಿಗಳು ಎಲ್ಲಿವೆ ಎಂದು ನೋಡಿ ಬರಬೇಕಿತ್ತು. ನೋಡಿದರು. ಆದರೆ ಹಿಂತಿರುಗುವಾಗ ದೋಣಿಗಳನ್ನು ತಡೆಯಲು ದಡದಲ್ಲಿ ನೆಟ್ಟಿದ್ದ ಕಬ್ಬಿಣದ ಮೊಳೆ ತ್ಯಾಮ್-ಹೋಕರ ತೊಡೆಯನ್ನು ಸೀಳಿತು. ಅಣ್ಣ ಅವರನ್ನು ಎಳೆದುಕೊಂಡೇ ಈಜಿದ. ತಡವಾಯಿತು, ಬೆಳಕು ಹರಿಯಿತು. ಹಿಂದೆ ಆ ಕಡೆಯವರ ಕಾವಲು ದೋಣಿಯ ಸದ್ದು ಕೇಳಿಸಿತು.

"ಅವನು ನನ್ನ ಕಿವೀಲಿ ಹೇಳ್ದ," ಎಂದರು ಮುದುಕರು. "'ಕೈಕಾಲು ಆಡಿಸ್ಬೇಡ, ಹೆಣದ ಥರ ತೇಲು. ಇಳಿತ ನಿನ್ನ ನಮ್ಮಮ್ಮನ ಸಿಂಪಿ ಕಂಬದ ಹತ್ರ ತಂದು ಹಾಕತ್ತೆ' ಅಂದ. ನೀನೋ ಅಂದೆ. 'ನಾನು ಅವರ ಹತ್ರ ಒಂದು ಲೋಟ ಟೀ ಕುಡಿದು ಬರ್ತೀನಿ' ಅಂದ. ಚೂರಿ ತೆಗೆದು ಹಗ್ಗ ಕತ್ತರಿಸಿದ. ಆಮೇಲೆ ನೀರು ಬಡೀತಾ, ಕೂಗ್ತಾ, ಆ ದಡದ ಕಡೆಗೇ ಈಜಿದ. ದೋಣಿ ಅವನ ಹಿಂದೆ ಹೋಯ್ತು."

ಅಮ್ಮನನ್ನು ಕರೆತಂದೆ. ಅವಳು ಅವರ ಕೈ ಹಿಡಿದುಕೊಂಡು ಕೇಳಿದ್ದು ಎರಡೇ ಮಾತು.

"ನೀರು ತಣ್ಣಗಿತ್ತಾ ಮಗಾ?"

"ತುಂಬಾ ತಣ್ಣಗಿತ್ತಮ್ಮ."

"ಅವನು ಸತ್ತಿದ್ದು ನೀನು ನೋಡಿದ್ಯಾ?"

"ಇಲ್ಲಮ್ಮ. ಗುಂಡಿನ ಸದ್ದು ಕೇಳ್ತು, ಅಷ್ಟೆ."

"ಹಂಗಾದ್ರೆ ಗೊತ್ತಿಲ್ಲ," ಎಂದು ಅಮ್ಮ ಎದ್ದುಹೋಗಿ ಅವರಿಗೆ ಬಿಸಿ ಶಾವಿಗೆ ತಂದಿಟ್ಟಳು. ಅವರು ಅಳುತ್ತಲೇ ತಿಂದರು.

ಈಗ ಹೇಳಿ ಮಾನ್ಯರೇ, ನಿಮ್ಮ ಕಾವಲುಗಾರ ಸುಳ್ಳು ಹೇಳಿದನೇ? ಇಲ್ಲ. ಅವನು ಕಂಡದ್ದು ನಿಜ. ಬೆಳಗಿನ ಬೆಳಕಿನಲ್ಲಿ ಒಬ್ಬ ಆ ದಡಕ್ಕೆ ಮುಖ ಮಾಡಿ ಈಜುತ್ತಿದ್ದ. ಅವನ ಹಿಂದೆ, ಅಲೆಗಳ ನಡುವೆ, ಹೆಣದಂತೆ ತೇಲುತ್ತಿದ್ದ ಇನ್ನೊಬ್ಬ ದುರ್ಬೀನಿಗೆ ಕಾಣಲಿಲ್ಲ. ಹಿಂದಿನ ದಿನ ಯಾರನ್ನು ಕಳಿಸಿದ್ದಾರೆಂದು ಆ ಬಡಪಾಯಿಗೆ ಯಾರೂ ತಿಳಿಸಿರಲಿಲ್ಲ, ಗುಟ್ಟಿನ ಕೆಲಸ ತಾನೆ? ತಪ್ಪು ಅವನದಲ್ಲ. ಎಲ್ಲ ಬಲ್ಲವರು ಬಾಯಿ ಮುಚ್ಚಿಕೊಂಡರಲ್ಲ, ತಪ್ಪು ಅಲ್ಲಿದೆ. ಕಳಿಸಿದ್ದೇವೆ ಎಂದರೆ ಗುಟ್ಟು ಹೊರಬೀಳುತ್ತದೆ, ಓಡಿಹೋದ ಎಂದರೆ ಒಂದು ಮನೆ ಮಾತ್ರ ಹಾಳಾಗುತ್ತದೆ. ಲೆಕ್ಕದಲ್ಲಿ ಬುದ್ಧಿವಂತರು. ತ್ಯಾಮ್-ಹೋಕರಿಗೆ ‘ನೀನೂ ಎಲ್ಲಿಗೂ ಹೋಗಿರಲಿಲ್ಲ, ಬಂಡೆಯ ಮೇಲೆ ಜಾರಿ ಬಿದ್ದೆ’ ಎಂದು ಹೇಳಿ ಪ್ರಮಾಣ ಮಾಡಿಸಿಕೊಂಡರು. ಸಾಯುವ ಮುಂಚೆ ಪ್ರಮಾಣ ಮುರಿದು ಆ ಮನುಷ್ಯ ನಮ್ಮಲ್ಲಿಗೆ ಬಂದರು. ಅವರಿಗಿದ್ದ ನಾಚಿಕೆಯಲ್ಲಿ ಒಂದು ಪಾಲು ಕಚೇರಿಗೂ ಇರಬಾರದೇ? ಓಡಿಹೋಗುವವನು ತನ್ನ ಉಗುರು ಕತ್ತರಿಸಿ ನಿಮ್ಮ ಕೈಗೆ ಕೊಟ್ಟು ಹೋಗುತ್ತಾನೆಯೇ?

ಇದನ್ನೇ ನಾನು ನಿಮ್ಮ ಕಚೇರಿಗೆ ಬಂದು ಕೇಳಿದೆ. ಕಿಟಕಿಯಲ್ಲಿ ಕುಳಿತಿದ್ದ ಯುವಕ ಬಹಳ ಮರ್ಯಾದಸ್ಥ. ನೀರು ಕೊಟ್ಟ, ಕುರ್ಚಿ ಕೊಟ್ಟ.

"ಅಜ್ಜಿ, ಆ ದಿನ ಯಾರನ್ನೂ ಎಲ್ಲಿಗೂ ಕಳಿಸಿಲ್ಲ ಅಂತ ಇದೆ."

"ಹಂಗಾದ್ರೆ ನಮ್ಮಣ್ಣ ಎಲ್ಲಿ ಹೋದನಪ್ಪ?"

"ಅವರು ತಾವಾಗೇ ಹೋಗಿದ್ದು ಅಂತ ಇದೆ."

"ಆ ದಡದಲ್ಲಿ ಮೂಳೆ ಸಿಕ್ರೆ ಪರೀಕ್ಷೆ ಮಾಡ್ತೀರಾ?"

ಅವನು ಒಳಗೆ ಹೋಗಿ ಕೇಳಿ ಬಂದ. "ನಾವು ಕಳಿಸದೇ ಇರೋರ ಮೂಳೆ ಅಲ್ಲಿ ಸಿಗೋಕೆ ಸಾಧ್ಯ ಇಲ್ಲ ಅಂದ್ರು ಅಜ್ಜಿ," ಎಂದ. ಪಾಪ, ಹೇಳುವಾಗ ಅವನಿಗೇ ಮುಖ ಕೆಂಪಾಯಿತು. ಒಳಗಿನಿಂದ ಆ ಉತ್ತರ ಕೊಟ್ಟವರ ಮುಖ ಯಾವ ಬಣ್ಣದಲ್ಲಿತ್ತು ಎಂಬುದು ನಿಮಗೇ ಚೆನ್ನಾಗಿ ಗೊತ್ತಿರಬೇಕು.

ಈಗೇನು, ದೋಣಿ ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಆ ದಡ. ಮೀನಿನ ಹಪ್ಪಳ ಕೊಳ್ಳಲು, ಹಲ್ಲು ಕಟ್ಟಿಸಲು ನಮ್ಮವರು ಹೋಗಿಬರುತ್ತಾರೆ. ತ್ಯಾಮ್-ಹೋಕರು ಹೇಳಿದ ಕೊಲ್ಲಿಯನ್ನು ಹುಡುಕಿಕೊಂಡು ನಾನೂ ಹೋದೆ. ಹಳ್ಳಿಯ ಅಂಚಿನ ಬಂಡೆಯ ಕೆಳಗೆ ಮೊಣಕಾಲೆತ್ತರದ ಗುಡಿಯೊಂದಿತ್ತು. ಮುಂದೆ ಆಗಷ್ಟೇ ಇಟ್ಟ ಅನ್ನ, ಹುರಿದ ಮೀನು, ಒಂದು ಲೋಟ ಟೀ. ಇಟ್ಟವಳು ಬಾನ್ ಎಂಬ ಮುದುಕಿ, ನನಗಿಂತ ಹಿರಿಯಳು. ಮಾತು ನಮ್ಮದೇ, ರಾಗವೂ ನಮ್ಮದೇ.

ಅಲ್ಲಿ ಹೂತದ್ದು ಅವಳ ಮಾವನಿಗೆ ಬಲೆಯಲ್ಲಿ ಸಿಕ್ಕಿದ ಹೆಣವಂತೆ. ಬರಿ ಚಡ್ಡಿ, ಬೆನ್ನಲ್ಲಿ ಗುಂಡು, ಸೊಂಟದಲ್ಲಿ ಕತ್ತರಿಸಿದ ಹಗ್ಗದ ತುಂಡು. "ಎಡಗಾಲಲ್ಲಿ ಕಿರುಬೆರಳು ಇರ್ಲಿಲ್ಲ, ಮೀನು ತಿಂದಿದ್ದಲ್ಲ, ಹಳೇ ಗಾಯ ಅಂತಿದ್ರು ನಮ್ಮಾವ," ಎಂದಳು. ಇವನು ನನ್ನ ಅಣ್ಣ ಎಂದು ಹೇಳಿ ನಾನು ಅಲ್ಲೇ ಮರಳಿನ ಮೇಲೆ ಕುಳಿತೆ.

ಅವಳೂ ಪಕ್ಕದಲ್ಲಿ ಕುಳಿತಳು. "ನಿಮ್ಮೋರು ಅಂತ ಗೊತ್ತಿತ್ತು ಬಿಡು. ನಮ್ಮ ಹುಡುಗ್ರಿಗೂ ನಿಮ್ಮೋರು ಚೂರಿ ಹಾಕಿದ್ರು. ಆದ್ರೆ ನೀರಲ್ಲಿ ತೇಲಿ ಬಂದೋನು ಯಾವ ಕಡೆಯೋನು ಹೇಳು? ಹಸಿದೋನು, ಅಷ್ಟೆ. ಪೂಜೆ ಮಾಡಿದ್ರೆ ಎಳ್ಕೊಂಡು ಹೋಗೋ ಕಾಲ ಅದು. ಗೆಣಸಿನ ಬುಟ್ಟೀಲಿ ಅನ್ನ ಬಚ್ಚಿಟ್ಕೊಂಡು ಬಂದು ಇಡ್ತಿದ್ವಿ."

ಹೆಸರೂ ಗೊತ್ತಿಲ್ಲದ ಶತ್ರುವಿನ ಸಿಪಾಯಿಗೆ ಶತ್ರುವಿನ ಸೊಸೆ ಐವತ್ತು ವರ್ಷ ಅನ್ನ ಇಟ್ಟಿದ್ದಾಳೆ ಮಾನ್ಯರೇ. ಅವನ ಹೆಸರು, ಕುಲ, ಹುಟ್ಟಿದ ಗಳಿಗೆ ಎಲ್ಲ ಗೊತ್ತಿದ್ದವರು ನೀವು. ನೀವೇನು ಇಟ್ಟಿರಿ?

ಬಾನ್ ತನ್ನ ಮಡಿಲಿನಿಂದ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ಕೊಟ್ಟಳು. ದೇವರನ್ನೋ ಸತ್ತವರನ್ನೋ ಕೇಳುವಾಗ ಚೆಲ್ಲುವ ತುಂಡುಗಳು. ಒಂದು ಅಂಗಾತ, ಒಂದು ಕವುಚಿ ಬಿದ್ದರೆ ಹೌದು, ಎರಡೂ ಕವುಚಿ ಬಿದ್ದರೆ ಅಲ್ಲ. ಅಣ್ಣಾ, ನೀನೇನಾ ಎಂದೆ. ಹೌದು ಎಂದು ಬಿತ್ತು. ಮನೆಗೆ ಬರ್ತೀಯಾ ಎಂದೆ. ಎರಡೂ ಕವುಚಿ ಬಿದ್ದವು. ಅಮ್ಮ ಕಾಯ್ತಿದ್ದಾಳೆ, ಬಾ ಎಂದೆ. ಮತ್ತೆ ಕವುಚಿ. ಅಳುತ್ತ, ಬೈಯುತ್ತ, ಎಷ್ಟು ಸಲ ಚೆಲ್ಲಿದೆನೋ, ಬಾರೆನೆಂದೇ ಹೇಳಿದ.

"ನೀನು ಕೇಳೋದೇ ಸರಿಯಿಲ್ಲ," ಎಂದಳು ಬಾನ್. "ಅವನು ಸಿಪಾಯಿ. ತಂಗಿ ಕರೆದ್ಲು ಅಂತ ಜಾಗ ಬಿಟ್ಟು ಬರ್ತಾನಾ? ಹೋಗು ಅಂದೋರು ವಾಪಸ್ ಬಾ ಅಂದಿದ್ದಾರಾ?"

ಅಪ್ಪಣೆಗೆ ಕಾಯ್ತಿದ್ದೀಯಾ ಅಣ್ಣಾ ಎಂದು ಕೇಳಿ ಚೆಲ್ಲಿದೆ. ಹೌದು. ಮತ್ತೆ ಚೆಲ್ಲಿದೆ. ಹೌದು. ಮತ್ತೊಮ್ಮೆ ಚೆಲ್ಲಿದಾಗಲೂ ಹೌದು. ಅಮ್ಮ ಕರೆದರೂ ಅವನು ಬಾಗಿಲ ಹೊರಗೇ ಏಕೆ ನಿಲ್ಲುತ್ತಾನೆಂದು ಆಗ ತಿಳಿಯಿತು.

ನೀವು ಇದನ್ನು ಓದಿ ನಗಬಹುದು. ಮರದ ತುಂಡು ಹೇಗೂ ಬೀಳುತ್ತದೆ ಎನ್ನಬಹುದು. ಒಪ್ಪಿದೆ. ಆದರೆ ನೀವು ನಂಬುವ ಕಾಗದ ಸತ್ತವನನ್ನು ಬದುಕಿದ್ದಾನೆ ಎನ್ನುತ್ತಿದೆ, ನಾವು ನಂಬುವ ಮರ ಅವನು ಇನ್ನೂ ಕಾವಲಿನಲ್ಲಿದ್ದಾನೆ ಎನ್ನುತ್ತಿದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಮಾನವಿದೆ, ನೀವೇ ಹೇಳಿ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕಿರುಬೆರಳಿನ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಳು. ಈಗಲಾದರೂ ಫಲಕ ಮಾಡಿಸೋಣ, ಗುಡಿಯವರು ಒಪ್ಪದಿದ್ದರೆ ಮನೆಯಲ್ಲೇ ಇಡೋಣ ಎಂದೆ.

"ಅವನೇ ಬರದೆ ಬರೀ ಮರಕ್ಕೆ ಅನ್ನ ಇಡ್ಲಾ?" ಎಂದಳು. ಆಮೇಲೆ, "ಸೂ-ಲಾನ್, ನಂಗೆ ಸಾಯೋಕೆ ಹೆದರಿಕೆ ಆಗ್ತಿದೆ ಕಣೇ. ಅಲ್ಲಿಗೆ ಹೋದ್ರೂ ಅವನು ಇರಲ್ಲ. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಆ ಬಂಡೆ ಹತ್ರ ನಿಂತೇ ಇರ್ತಾನೆ," ಎಂದಳು.

ಆದ್ದರಿಂದ ನನ್ನ ಬೇಡಿಕೆ. ಪದಕ ಬೇಡ, ಪಿಂಚಣಿ ಬೇಡ, ವಿಗ್ರಹದ ಕೆಳಗೆ ಹೆಸರು ಕೆತ್ತುವುದೂ ಬೇಡ. ಕಚೇರಿಯ ಸಮವಸ್ತ್ರ ಹಾಕಿಕೊಂಡು ನಮ್ಮ ಕಡಲ ತಡಿಗೆ ಬನ್ನಿ. ಹಗಲಲ್ಲೇ ಬನ್ನಿ, ಊರೆಲ್ಲ ನೋಡಲಿ, ಹಿರಿಯರ ಗುಡಿಯವರೂ ಬಂದು ಕೇಳಿಸಿಕೊಳ್ಳಲಿ. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆತರುತ್ತೇನೆ. ಎದುರು ದಡಕ್ಕೆ ಮುಖ ಮಾಡಿ, ಗಟ್ಟಿಯಾಗಿ, ಅಪ್ಪಣೆ ಕೊಡುವ ದನಿಯಲ್ಲಿ ನೀವು ಹೇಳಬೇಕಾದದ್ದು ಇಷ್ಟೇ. ನಿಮಗೆ ತೊಂದರೆಯಾಗದಿರಲೆಂದು ನಾನೇ ಬರೆದುಕೊಟ್ಟಿದ್ದೇನೆ:

‘ಆಂಗ್ ಖುನ್-ಸೆಂಗ್, ನಿನ್ನನ್ನು ಕಳಿಸಿದ್ದು ನಾವೇ. ಕೆಲಸ ಮುಗಿದಿದೆ. ಮನೆಗೆ ಹೋಗು.’

ಕೊಟ್ಟ ಅಪ್ಪಣೆಯನ್ನು ಅವನು ಮೀರುವವನಲ್ಲ. ನೀವು ಹೇಳಿದರೆ ಹೊರಡುತ್ತಾನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಓಡಿಹೋದವನೊಬ್ಬನ ತಂಗಿ,
ಆಂಗ್ ಸೂ-ಲಾನ್
(ಶಾವಿಗೆ ಅಂಗಡಿ, ಹಳೆಯ ಕಾವಲು ಗೋಪುರದ ಎದುರು. ಬರುವುದಾದರೆ ಬೇಗ ಬನ್ನಿ. ಅಮ್ಮ ಈಗ ಊಟ ಬಿಟ್ಟಿದ್ದಾಳೆ.)